ಆರು ಪುಡಿಯ ಪೀರಪ್ಪ

ಪೀರಪ್ಪ ಸುಳ್ಳುಗಾರ. ಹೊಟ್ಟೆಪಾಡಿಗಾಗಿ ಸುಳ್ಳು ಹೇಳುವವರಿದ್ದಾರೆ, ಹೆದರಿ ಹೇಳುವವರಿದ್ದಾರೆ. ಅವನದು ಆ ಬಗೆಯಲ್ಲ. ನಾಲ್ಕು ಜನ ಎದುರಿಗೆ ಕೂತು ತನ್ನ ಬಾಯನ್ನೇ ನೋಡುತ್ತಿರಲಿ ಎಂಬ ಒಂದೇ ಆಸೆಗೆ ಹೇಳುವವನು. ಒಮ್ಮೆ ಆಡಿದ್ದನ್ನು ಅವನು ಹಿಂತೆಗೆದುಕೊಂಡದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅಕ್ಕಲಕೋಟೆಯ ದವಾಖಾನೆಯ ನರ್ಸ್ ಉಮಾಬಾಯಿ ಅವನ ಬಗ್ಗೆ ಈ ತೀರ್ಮಾನಕ್ಕೆ ಬಂದು ಎರಡು ವರ್ಷವಾಗಿತ್ತು. ತೀರ್ಮಾನ ಬದಲಿಸುವ ಅಭ್ಯಾಸ ಆಕೆಗಿರಲಿಲ್ಲ.

ಅವನ ಬದುಕಿನಲ್ಲಿ ಕಾಗದದ ಮೇಲೆ ಸಿಕ್ಕುವ ನಿಜ ಇಷ್ಟು. 1943ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಸೈನ್ಯದ ಆಸ್ಪತ್ರೆಗೆ ವಾರ್ಡ್ ಆಳಾಗಿ ಸೇರಿದ. ಬಿಹಾರದ ರಾಮಗಡದಲ್ಲಿ ಚೀನಾದ ಸೈನಿಕರಿಗೆ ಯುದ್ಧದ ತರಬೇತಿ ನಡೆಯುತ್ತಿತ್ತು. ಇವನನ್ನು ಅಲ್ಲಿಗೆ ಹಾಕಿದರು. ಯುದ್ಧ ಮುಗಿದ ಮೇಲೆ ಸೊಲ್ಲಾಪುರದ ಒಂದು ಗಿರಣಿಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸರ್ ಆಗಿ ಇಪ್ಪತ್ತೈದು ವರ್ಷ ಕಳೆದ. ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಬಂದು ನೇಕಾರರ ಓಣಿಯಲ್ಲಿ ಒಂದು ಖೋಲಿ ಹಿಡಿದ. ಉಳಿದದ್ದೆಲ್ಲ ಅವನ ಬಾಯಿಂದ ಬಂದದ್ದು.

ಸೊಲ್ಲಾಪುರದವರೇ ಆದ ಒಬ್ಬ ಡಾಕ್ಟರು ಚೀನಾಕ್ಕೆ ಹೋಗಿ, ಅಲ್ಲಿನ ಗಾಯಾಳುಗಳ ಸೇವೆ ಮಾಡುತ್ತ ಅಲ್ಲೇ ಮಡಿದ ಸಂಗತಿ ಆ ಸೀಮೆಯಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ತಾನು ಆ ಡಾಕ್ಟರ ಕೈಕೆಳಗೆ ಕಂಪೌಂಡರ್ ಆಗಿದ್ದೆ ಎಂದು ಪೀರಪ್ಪ ಹೇಳಿಕೊಳ್ಳುತ್ತಿದ್ದ. ಉಮಾಬಾಯಿ ತಾರೀಖು ತೆಗೆದು ನೋಡಿದಳು. ಒಂದು ದಿನ ಅವನ ಕಟ್ಟೆಯ ಮುಂದೆಯೇ ನಿಂತು, ಜನರೆದುರಿಗೆ ಕೇಳಿದಳು.

“ಪೀರಪ್ಪಣ್ಣ, ಆ ಡಾಕ್ಟರ್ ತೀರಿಕೊಂಡಿದ್ದು ನಲವತ್ತೆರಡರಾಗ. ನೀವು ಫೌಜಿಗೆ ಹೋಗಿದ್ದು ನಲವತ್ಮೂರರಾಗ. ಸತ್ತವರ ಕೈಯಾಗ ಹ್ಯಾಂಗ ಕೆಲಸಾ ಮಾಡಿದ್ರಿ?”

ಪೀರಪ್ಪ ಕಣ್ಣು ಮಿಟುಕಿಸಲಿಲ್ಲ. “ಬಾಯಿ, ಚೀನಾದಾಗ ಕ್ಯಾಲೆಂಡರ್ ಬ್ಯಾರೆ ಇರ್ತದ್ರಿ.”

ಕಟ್ಟೆಯ ಮೇಲಿದ್ದವರು ನಕ್ಕರು. ಅವರು ನಕ್ಕದ್ದು ಪೀರಪ್ಪನನ್ನು ನೋಡಿಯೋ ತನ್ನನ್ನು ನೋಡಿಯೋ ಎಂದು ಉಮಾಬಾಯಿ ಮನೆಗೆ ಬರುವವರೆಗೂ ಯೋಚಿಸಿದಳು.

ಅವನ ಎಲ್ಲ ಬಂಡವಾಳ ಒಂದು ಬಾಟಲಿ. ಶಾಯಿಯ ದೌತಿಗಿಂತ ದೊಡ್ಡದಲ್ಲ. ಮೈಮೇಲೆ ಅರ್ಧ ಅಳಿಸಿದ ಚೀನೀ ಅಕ್ಷರ, ಬಾಯಿಗೆ ಬೂಚು, ಒಳಗೆ ಬಿಳಿಯ ಪುಡಿ. ರಾಮಗಡದಲ್ಲಿ ವೂ ಎಂಬ ಮುದುಕ ವೈದ್ಯ ಕೊಟ್ಟದ್ದಂತೆ. ತಲೆಗೆ ಪೆಟ್ಟು ಬಿದ್ದವರಿಗೆ ಇದರಷ್ಟು ಒಳ್ಳೆಯದು ಲೋಕದಲ್ಲಿಲ್ಲವಂತೆ. ಪುಡಿಯ ಜೊತೆ ಒಂದು ಕೆಂಪು ಗುಳಿಗೆಯೂ ಇತ್ತಂತೆ, ಸಾಯುವ ಹೊತ್ತಿನಲ್ಲಿ ಕೊಡುವಂಥದ್ದು. ಅದನ್ನು ಒಬ್ಬ ಕರ್ನಲ್ ಸಾಹೇಬನಿಗೆ ಕೊಟ್ಟುಬಿಟ್ಟನಂತೆ. ಆ ಕರ್ನಲ್ ಕೆಲವು ದಿನ ಮೇಜರ್ ಆಗಿರುತ್ತಿದ್ದ, ಕೆಲವು ದಿನ ಜನರಲ್.

ಆದರೆ ಉಮಾಬಾಯಿಯನ್ನು ಕಾಡಿದ ಒಂದು ಸಂಗತಿಯಿತ್ತು. ಪೀರಪ್ಪನ ಬೇರೆ ಕತೆಗಳು ದಿನಕ್ಕೊಂದು ಬಣ್ಣ ಬದಲಿಸುತ್ತಿದ್ದವು. ವೂ ಮಾಸ್ತರನ ಕತೆ ಮಾತ್ರ ಒಂದಕ್ಷರ ಬದಲಾಗುತ್ತಿರಲಿಲ್ಲ. ವೂ ಮಾಸ್ತರನ ಸೀಮೆ ಹಳದಿ ಮಣ್ಣಿನದು. ಜನ ಗುಡ್ಡ ಕೊರೆದು ಅದರೊಳಗೆ ಮನೆ ಮಾಡಿಕೊಂಡಿದ್ದರು. ಭೂಮಿ ನಡುಗಿ ಗುಡ್ಡವೇ ಮನೆಗಳ ಮೇಲೆ ಕೂತಾಗ ವೂ ಹುಡುಗನಾಗಿದ್ದ. ಮನೆಯವರು ಯಾರೂ ಉಳಿಯಲಿಲ್ಲ. ಎಲುಬು ಕೂರಿಸುವ ಒಬ್ಬ ವೈದ್ಯ ಅವನನ್ನು ಜೊತೆಗಿಟ್ಟುಕೊಂಡು, ಇಡೀ ಚಳಿಗಾಲ ಮಣ್ಣಿನಡಿಯಿಂದ ತೆಗೆದ ಜನರ ತಲೆ ನೋಡುತ್ತ ಊರೂರು ತಿರುಗಿದ. ಪೆಟ್ಟು ತಿಂದ ತಲೆಯಲ್ಲಿ ರಕ್ತ ನಿಂತುಬಿಡುತ್ತದೆ, ನಿಂತ ರಕ್ತವನ್ನು ನಡೆಸಬೇಕು, ತಲೆಯನ್ನು ತಿಕ್ಕಬಾರದು, ಎಣ್ಣೆ ಒತ್ತಬಾರದು—ಇದು ಅವರ ವಿದ್ಯೆ. ಪೆಟ್ಟು ತಿಂದವರಲ್ಲಿ ಮೂರು ಬಗೆ: ಕಲ್ಲು ನೆನಪಿದ್ದವನು, ಕಲ್ಲು ಮರೆತವನು, ಮೊದಲು ನೆನಪಿದ್ದು ಆಮೇಲೆ ಮರೆತವನು. ಮೊದಲಿನ ಇಬ್ಬರಿಗೆ ಪುಡಿ. ಮೂರನೆಯವನಿಗೆ ಪುಡಿ ನಡೆಯುವುದಿಲ್ಲ.

ಸುಳ್ಳುಗಾರನೊಬ್ಬ ಒಂದೇ ಮಾತನ್ನು ವರ್ಷಗಟ್ಟಲೆ ಹಾಗೇ ಹೇಳುತ್ತಾನೆಂದರೆ ಅದು ಬಾಯಿಪಾಠ ಮಾಡಿದ ಸುಳ್ಳಿರಬೇಕು ಎಂದು ಉಮಾಬಾಯಿ ಸಮಾಧಾನ ಮಾಡಿಕೊಂಡಿದ್ದಳು.

1962ರ ಯುದ್ಧದಲ್ಲಿ ಈ ಬಾಟಲಿ ಅವನನ್ನು ಪೋಲೀಸ್ ಠಾಣೆಗೆ ಹತ್ತಿಸಿತ್ತು. ಗಿರಣಿಯ ಡ್ರೆಸರನ ಹತ್ತಿರ ಚೀನೀ ಅಕ್ಷರದ ವಸ್ತು ಇದೆ ಎಂದು ಯಾರೋ ಚಾಡಿ ಹೇಳಿದರು. ಎರಡು ದಿನ ಕೂರಿಸಿಕೊಂಡರು. ಇದು ಹಲ್ಲುಪುಡಿ ಎಂದ ಪೀರಪ್ಪ. ಇನ್ಸ್‌ಪೆಕ್ಟರ್ ನಂಬಲಿಲ್ಲ. ಆಗ ಪೀರಪ್ಪ ಬೆರಳಿಗೆ ಪುಡಿ ಹಚ್ಚಿಕೊಂಡು, ಇನ್ಸ್‌ಪೆಕ್ಟರರ ಎದುರಿಗೇ ಹಲ್ಲು ತಿಕ್ಕಿ, ಬಾಯಿ ಮುಕ್ಕಳಿಸಿ, “ನೀವೂ ತಿಕ್ಕತೀರೇನ್ರಿ ಸಾಹೇಬ್ರ?” ಎಂದನಂತೆ. ಬಿಟ್ಟು ಕಳಿಸಿದರು. ಹತ್ತು ವರ್ಷ ಅದು ಹಲ್ಲುಪುಡಿಯಾಗಿಯೇ ಇತ್ತು. ಚೀನಾದಲ್ಲಿ ಸೂಜಿ ಚುಚ್ಚಿ ನೋವಿಲ್ಲದೆ ಹೊಟ್ಟೆ ಕೊಯ್ಯುತ್ತಾರೆ ಎಂದು ಪತ್ರಿಕೆಗಳಲ್ಲಿ ಬರತೊಡಗಿದ ಮೇಲೆ ಮತ್ತೆ ಔಷಧಿಯಾಯಿತು. ಈ ಕತೆಯನ್ನು ಪೀರಪ್ಪ ತಾನೇ ಹೇಳಿ ತಾನೇ ನಗುತ್ತಿದ್ದ. ಪೋಲೀಸರ ಮುಂದೆ ನಿಂತು ಇಷ್ಟು ಸಲೀಸಾಗಿ ನಾಟಕ ಆಡುವವನು ಬೇರೆಯವರ ಮುಂದೆ ಏನು ಮಾಡಲಾರ ಎಂದು ಉಮಾಬಾಯಿ ಕೇಳಿಕೊಳ್ಳುತ್ತಿದ್ದಳು.

ಅವನು ಯಾರಿಂದಲೂ ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ. ಇದರಿಂದ ಆಕೆಯ ಸಂಶಯ ಇನ್ನೂ ಹೆಚ್ಚಾಯಿತು. ಒಮ್ಮೆ ಒಬ್ಬ ರೋಗಿಯ ಕಾಗದಕ್ಕೆ ಅಂಟಿದ್ದ ಚಿಟಿಕೆ ಪುಡಿಯನ್ನು ನಾಲಿಗೆಗೆ ಹಾಕಿ ನೋಡಿದಳು. ರುಚಿಯಿಲ್ಲ, ವಾಸನೆಯಿಲ್ಲ, ಅಂಗುಳಕ್ಕೆ ಅಂಟಿಕೊಂಡಿತು. ಸುಣ್ಣದ ಕಲ್ಲಿನ ಪುಡಿಯೋ, ಒಳಗೆ ಅಫೀಮಿನಂಥದ್ದೇನಾದರೂ ಇದೆಯೋ? ಬಾಟಲಿಯ ಪುಡಿ ಎಂದೂ ಇಳಿಯುತ್ತಿರಲಿಲ್ಲ. ಮೂವತ್ತು ವರ್ಷದ ಹಿಂದಿನ ಬಾಟಲಿ ತುಂಬಿಯೇ ಇದೆಯೆಂದರೆ ಯಾರೋ ತುಂಬುತ್ತಿದ್ದಾರೆ. ಏನನ್ನು ತುಂಬುತ್ತಿದ್ದಾರೆ? ಸೊಲ್ಲಾಪುರದ ಆರೋಗ್ಯ ಅಧಿಕಾರಿಗಳಿಗೆ ಉಮಾಬಾಯಿ ಅರ್ಜಿ ಬರೆದಳು. ಬರುವ ಸೋಮವಾರ ವಿಚಾರಣೆಗೆ ಬರುತ್ತೇವೆಂದು ಉತ್ತರ ಬಂತು. ಟಪಾಲಿನವನ ದೆಸೆಯಿಂದ ಓಣಿಗೆಲ್ಲ ತಿಳಿಯಿತು, ಪೀರಪ್ಪನಿಗೂ.

ಆ ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. 1974ರ ಮೇ ತಿಂಗಳು. ಗುರುವಾರ ಮಧ್ಯಾಹ್ನ ಅಕ್ಕಲಕೋಟೆಯ ಮೇಲೆ ಗಾಳಿಮಳೆ ಎರಗಿತು.

ನೇಕಾರರ ಓಣಿಯ ಮನೆಗಳಿಗೆ ಪತ್ರಾದ, ಎಂದರೆ ತಗಡಿನ, ಸೂರು. ಆ ಪತ್ರಾಗಳಿಗೆ ಮೊಳೆ ಹೊಡೆಯುವುದಿಲ್ಲ. ಗೋಡೆ ಮನೆಯೊಡೆಯನದು, ಪತ್ರಾ ಬಾಡಿಗೆದಾರನದು. ಖೋಲಿ ಬಿಡುವಾಗ ಪತ್ರಾ ಬಿಚ್ಚಿಕೊಂಡು ಹೋಗಬೇಕು. ತೂತು ಬಿದ್ದರೆ ಅದರ ಬೆಲೆ ಹೋಯಿತು. ಅದಕ್ಕೇ ಹಾರದಂತೆ ಮೇಲೆ ಸಾಲಾಗಿ ಕಲ್ಲು ಹೇರಿರುತ್ತಾರೆ, ಒಂದೊಂದು ಐದಾರು ಸೇರು ತೂಕದವು. ಸಣ್ಣ ಗಾಳಿಗೆ ಇದು ಸರಿ. ಆ ದಿನದ ಗಾಳಿ ಪತ್ರಾದ ಅಂಚು ಎತ್ತಿತು. ಕಲ್ಲುಗಳು ಜಾರಿ ಓಣಿಗೆ, ಅಂಗಳಕ್ಕೆ, ಜನರ ತಲೆಗೆ ಬಿದ್ದವು. ಕತ್ತಲಾಗುವುದರೊಳಗೆ ತಲೆ ಒಡೆದುಕೊಂಡವರು ಎಂಟು ಜನ. ಡಾಕ್ಟರು ವಾರಕ್ಕೆ ಮೂರು ದಿನ ಬರುವವರು. ಗುರುವಾರ ಅವರ ದಿನವಲ್ಲ. ಉಮಾಬಾಯಿ ಒಬ್ಬಳೇ ಹೊಲಿದಳು, ಪಟ್ಟಿ ಕಟ್ಟಿದಳು. ಪಟ್ಟಿ ಕಟ್ಟಿಸಿಕೊಂಡವರು ಅಲ್ಲಿಂದ ನೆಟ್ಟಗೆ ಪೀರಪ್ಪನ ಕಟ್ಟೆಗೆ ಹೋದರು.

ಅವನ ಪದ್ಧತಿ ಹೀಗಿತ್ತು. ಪುಡಿ ಆರು. ಗಂಟೆಗೊಂದು. ಅವನ ಕೈಯಿಂದಲೇ, ಅವನ ಕಟ್ಟೆಯ ಮೇಲೆಯೇ ತೆಗೆದುಕೊಳ್ಳಬೇಕು. ಆರು ಮುಗಿಯುವ ತನಕ ಮಲಗುವಂತಿಲ್ಲ, ಉಣ್ಣುವಂತಿಲ್ಲ, ಎದ್ದು ಹೋಗುವಂತಿಲ್ಲ. ಎದ್ದು ಹೋದರೆ ಪುಡಿ ವಿಷವಾಗುತ್ತದೆ. ಪ್ರತಿ ಪುಡಿಗೂ ಮೊದಲು ಕ್ಷೌರದ ಕನ್ನಡಿಯಿಂದ ಬಿಸಿಲನ್ನೋ, ರಾತ್ರಿಯಾದರೆ ಕಂದೀಲಿನ ಬೆಳಕನ್ನೋ ಕಣ್ಣಿಗೆ ಬಿಡುತ್ತಿದ್ದ, ಹೆಬ್ಬೆರಳು ತೋರುಬೆರಳಿನ ನಡುವಿನ ಜಾಗವನ್ನು ಒತ್ತುತ್ತಿದ್ದ, ಒಂದೇ ಪ್ರಶ್ನೆ ಕೇಳುತ್ತಿದ್ದ: “ಕಲ್ಲ ಎಲ್ಲಿಂದ ಬಂತು?” ಮದುವೆ ಮನೆಯ ಭಟ್ಟರಿಗಿಂತ ಇವನ ಶಾಸ್ತ್ರ ಹೆಚ್ಚು ಎಂದು ಉಮಾಬಾಯಿ ಅನ್ನುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಓಣಿಯವರು ಸೂರು ಸರಿಮಾಡಲು ಹತ್ತಿದರು. ಉಮಾಬಾಯಿಯ ತಮ್ಮ ಶಾಂತಪ್ಪ, ಪಕ್ಕದ ಮನೆಯ ಲಕ್ಷ್ಮೀಬಾಯಿಯ ಪತ್ರಾ ಹಿಡಿಯಲು ಹೋದ. ಶಾಂತಪ್ಪನಿಗೆ ಇಪ್ಪತ್ತಾರು ವರ್ಷ. ಚಾದರದ ಅಂಗಡಿಯಲ್ಲಿ ಗುಮಾಸ್ತ. ತಾಯಿ ಸತ್ತಾಗ ಅವನಿನ್ನೂ ತೊಟ್ಟಿಲಲ್ಲಿದ್ದ. ಉಮಾಬಾಯಿ ಹದಿನೇಳರಲ್ಲಿ ವಿಧವೆಯಾಗಿ ತವರಿಗೆ ಬಂದವಳು, ಅವನನ್ನು ಬೆಳೆಸಿ, ಓದಿಸಿ, ನಡುವೆ ತಾನೂ ಮಿರಜದ ಆಸ್ಪತ್ರೆಯಲ್ಲಿ ಓದಿ ನರ್ಸ್ ಆದಳು. ಆಕೆಗೆ ಈ ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ. ಒಂಬತ್ತು ಗಂಟೆಯ ಸುಮಾರಿಗೆ ಸೂರಿನ ಮೇಲೆ ಉಳಿದಿದ್ದ ಒಂದು ಕಲ್ಲು ಜಾರಿ ಅವನ ಎಡಗಿವಿಯ ಮೇಲ್ಭಾಗಕ್ಕೆ ಬಿತ್ತು. ಕೂತುಬಿಟ್ಟ. ಎರಡು ನಿಮಿಷ ಎಚ್ಚರ ತಪ್ಪಿ, ಎದ್ದು, “ಏನೂ ಆಗಿಲ್ಲ” ಎಂದ. ರಕ್ತವೂ ಹೆಚ್ಚು ಬರಲಿಲ್ಲ. ಅಕ್ಕನಿಗೆ ಹೇಳಬೇಡಿ, ಸುಮ್ಮನೆ ಗಾಬರಿಯಾಗುತ್ತಾಳೆ ಎಂದ. ಲಕ್ಷ್ಮೀಬಾಯಿ ಅವನನ್ನು ಪೀರಪ್ಪನ ಕಟ್ಟೆಗೆ ಕರೆದೊಯ್ದಳು.

ಸುದ್ದಿ ದವಾಖಾನೆಗೆ ಬಂದಾಗ ಹನ್ನೊಂದು ಗಂಟೆ. ಉಮಾಬಾಯಿ ಹೋಗಿ ನೋಡಿದರೆ, ತಮ್ಮ ಆ ಬೆಳಿಗ್ಗೆ ಪೆಟ್ಟು ತಿಂದ ಇತರ ಮೂವರ ಸಾಲಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾನೆ, ಎರಡು ಪುಡಿ ಆಗಿದೆ, ಪೀರಪ್ಪ ಕನ್ನಡಿ ತಿಕ್ಕುತ್ತಿದ್ದಾನೆ. ತನ್ನ ಅರ್ಜಿಗೆ ಪೀರಪ್ಪನ ಜವಾಬು ಇದು, ತನ್ನ ತಮ್ಮನನ್ನೇ ಎಳೆದು ಕೂರಿಸಿ ಊರಿಗೆ ತೋರಿಸುತ್ತಿದ್ದಾನೆ ಎಂದು ಆಕೆ ಖಚಿತವಾಗಿ ನಂಬಿದಳು.

“ಏಳೋ, ಮನಿಗಿ ನಡಿ.”

“ಬಾಯಿ, ಇನ್ನ ನಾಕ ಪುಡಿ ಅದಾವ್ರಿ,” ಎಂದ ಪೀರಪ್ಪ.

“ನಿಮ್ಮ ಪುಡಿ ಸೋಮವಾರ ಸಾಹೇಬ್ರಿಗಿ ತೋರಸ್ರಿ.”

“ಸೋಮವಾರದ್ದು ಸೋಮವಾರ ನೋಡೂಣಂತ. ಇಂವಾ ಇವತ್ತ ಮಲಗಬಾರದ್ರಿ.”

“ನನಗ ಹೇಳಾಕ ಬರಬ್ಯಾಡ್ರಿ. ನಾ ಮಿರಜದಾಗ ಕಲತ ಬಂದೀನಿ, ಕ್ಯಾಲೆಂಡರ್ ಇಲ್ಲದ ದೇಶದಾಗ ಅಲ್ಲ.”

ಶಾಂತಪ್ಪ ನಗುತ್ತ ಎದ್ದುಬಂದ. ದಾರಿಯಲ್ಲಿ ಸರಿಯಾಗಿಯೇ ಮಾತಾಡಿದ. ಮನೆಯಲ್ಲಿ ಉಮಾಬಾಯಿ ಅವನ ಗಾಯ ನೋಡಿದಳು, ನಾಡಿ ನೋಡಿದಳು, ಎಲ್ಲ ಸರಿಯಿತ್ತು. ತಲೆ ಸ್ವಲ್ಪ ಸಿಡಿಯುತ್ತದೆ ಎಂದ. ನಿನ್ನೆಯಿಂದ ಓಣಿಯಲ್ಲಿ ಯಾರೂ ನಿದ್ದೆ ಮಾಡಿಲ್ಲ, ಸ್ವಲ್ಪ ಅಡ್ಡಾಗು ಎಂದು ಆಕೆಯೇ ಚಾಪೆ ಹಾಸಿದಳು.

ಅರ್ಧ ಗಂಟೆಗೆ ಪೀರಪ್ಪ ಬಾಗಿಲಿಗೆ ಬಂದ. ಕೈಯಲ್ಲಿ ಕಾಗದದ ಪೊಟ್ಟಣ, ಹಿಂದೆ ಓಣಿಯ ಅರ್ಧ ಜನ. ಉಮಾಬಾಯಿ ಅಗಳಿ ತೆಗೆಯಲಿಲ್ಲ. ಇಷ್ಟು ಜನರನ್ನು ಕಟ್ಟಿಕೊಂಡು ಬಂದವನಿಗೆ ಬೇಕಾದದ್ದು ನಾಟಕ ಎಂದು ಕಿಟಕಿಯಿಂದಲೇ ಅವಳಿಗೆ ಕಂಡಿತು.

“ಎಬ್ಬಸ್ರಿ ಬಾಯಿ.”

“ಇಲ್ಲ.”

“ನನ್ನ ಔಷಧ ಬ್ಯಾಡಂದ್ರ ಬಿಡ್ರಿ. ಪುಡಿ ಇಲ್ಲೇ ಗಟಾರದಾಗ ಚೆಲ್ತೀನಿ ನೋಡ್ರಿ.” ಪೊಟ್ಟಣ ಬಿಚ್ಚಿ ಚೆಲ್ಲಿದ. “ಆತಿಲ್ಲೊ? ಈಗ ಒಂದ ಸಲ ಎಬ್ಬಸಿ, ಕಲ್ಲ ಎಲ್ಲಿಂದ ಬಂತು ಅಂತ ಕೇಳ್ರಿ. ಬರೋಬ್ಬರಿ ಹೇಳಿದ್ನಂದ್ರ ನಾ ಹೋಗ್ತೀನಿ. ಮತ್ತ ನಿಮ್ಮ ಬಾಗಲಕ್ಕ ಬರೂದಿಲ್ಲ.”

ಮತ್ತೆ ಬರುವುದಿಲ್ಲ ಎಂಬ ಮಾತು ಕೇಳಿ, ಅವನನ್ನು ಸಾಗಹಾಕಬೇಕೆಂಬ ಒಂದೇ ಉದ್ದೇಶದಿಂದ ಆಕೆ ತಮ್ಮನ ಭುಜ ಅಲುಗಾಡಿಸಿದಳು. ಅವನು ಏಳಲಿಲ್ಲ. ಇನ್ನೊಮ್ಮೆ ಜೋರಾಗಿ ಅಲುಗಾಡಿಸಿದಳು. ಕಣ್ಣು ಅರ್ಧ ತೆರೆದ.

“ಶಾಂತು, ಕಲ್ಲ ಎಲ್ಲಿಂದ ಬಿತ್ತೋ?”

“ಯಾವ ಕಲ್ಲ?” ಎಂದ ಶಾಂತಪ್ಪ.

ಉಮಾಬಾಯಿ ಅವನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಬಲಗಣ್ಣಿನ ಪಾಪೆ ಬೆಳಕಿಗೆ ಕುಗ್ಗಿತು. ಎಡಗಣ್ಣಿನದು ಅಗಲವಾಗಿ ಹಾಗೇ ಉಳಿಯಿತು. ಅದರ ಅರ್ಥ ಆಕೆಗೆ ಗೊತ್ತಿತ್ತು, ಮಿರಜದಲ್ಲಿ ಕಲಿಸಿದ್ದರು. ತಲೆಬುರುಡೆಯೊಳಗೆ ರಕ್ತ ಸೇರುತ್ತಿದೆ. ಆಕೆ ಬಾಗಿಲು ತೆಗೆದಳು.

ಪೀರಪ್ಪ ಒಳಗೆ ಬಂದು ಒಂದೇ ಸಲ ನೋಡಿದ. “ಮೂರನೇದಂವ,” ಎಂದು, ಹೊರಗೆ ತಿರುಗಿ ಕೂಗಿದ. “ಅಣ್ಣಾರಾಯ, ಲಾರಿ ತೆಗಿ. ಸೊಲ್ಲಾಪುರ.”

ಅಣ್ಣಾರಾಯ ಅದೇ ಓಣಿಯ ಲಾರಿ ಮಾಲೀಕ, ಮತ್ತು ಪೀರಪ್ಪನ ದೊಡ್ಡ ಭಕ್ತ. ಹಿಂದಿನ ವರ್ಷ ಅವನ ತಾಯಿ ಮಾಳಿಗೆಯ ಮಣ್ಣು ಕುಸಿದು ತಲೆಗೆ ಪೆಟ್ಟು ತಿಂದಾಗ ಪೀರಪ್ಪ ಆರು ಪುಡಿ ಕೊಟ್ಟು ಉಳಿಸಿದ್ದ ಎಂದು ನಂಬಿದವನು. ಪೀರಪ್ಪನಿಗೆ ಕಟ್ಟೆಯ ಮೇಲೆ ಕುರ್ಚಿ ಮಾಡಿಸಿಕೊಟ್ಟವನೂ ಅವನೇ. ಹತ್ತು ನಿಮಿಷದಲ್ಲಿ ಲಾರಿ ಹೊರಟಿತು. ಹಿಂದುಗಡೆ ತೊಗರಿಯ ಖಾಲಿ ಚೀಲಗಳ ಮೇಲೆ ಶಾಂತಪ್ಪ, ತಲೆ ಪೀರಪ್ಪನ ತೊಡೆಗಳ ನಡುವೆ ಅಲುಗಾಡದಂತೆ. ರಸ್ತೆಯಲ್ಲಿ ಬೇವಿನ ಮರಗಳು ಉರುಳಿದ್ದವು; ಎರಡು ಕಡೆ ಹೊಲಕ್ಕೆ ಇಳಿದು ಹೋಗಬೇಕಾಯಿತು.

ಉಮಾಬಾಯಿ ಆ ಹೊತ್ತಿನಲ್ಲೂ ಸಂಶಯ ಬಿಟ್ಟಿರಲಿಲ್ಲ. ಬಿಡುವುದಿರಲಿ, ಅದು ಹೊಸ ದಾರಿ ಹಿಡಿದಿತ್ತು. ಈ ಮಂಪರು ಪೆಟ್ಟಿನದೋ ಪುಡಿಯದೋ? ಪಾಪೆ ಅಗಲವಾದದ್ದು ಪೆಟ್ಟಿನಿಂದಲೇ ಎಂದು ವಿದ್ಯೆ ಹೇಳುತ್ತಿತ್ತು; ಆದರೆ ಚೀನೀ ಬಾಟಲಿಯಲ್ಲಿ ಏನಿದೆಯೆಂದು ಯಾವ ವಿದ್ಯೆಯೂ ಹೇಳಿರಲಿಲ್ಲ.

“ಅದರಾಗ ಏನೈತಿ ಹೇಳ್ರಿ,” ಎಂದಳು.

ಪೀರಪ್ಪ ಶಾಂತಪ್ಪನ ಮೂಗಿನ ಕೆಳಗೆ ಉಗುರಿನಿಂದ ಒತ್ತುತ್ತ, “ಶಾಂತಪ್ಪಾ, ನಿಮ್ಮ ಅಕ್ಕನ ಹೆಸರೇನೋ?” ಎಂದು ಕೇಳುತ್ತಲೇ ಇದ್ದ. ವಳಸಂಗದ ಹತ್ತಿರ ಶಾಂತಪ್ಪ ಉತ್ತರ ಕೊಡುವುದನ್ನು ನಿಲ್ಲಿಸಿದ.

ಸೊಲ್ಲಾಪುರದ ಸರ್ಕಾರಿ ಆಸ್ಪತ್ರೆಯ ಸರ್ಜನ್ ಸಣ್ಣ ವಯಸ್ಸಿನ ಮರಾಠಿ ಮನುಷ್ಯ. ಕಣ್ಣು ನೋಡಿದ, ಕಾಲಿನ ಅಂಗಾಲು ಗೀರಿದ, ತಲೆ ತೆರೆಯಲು ಸಿದ್ಧ ಮಾಡಿ ಎಂದ. ಆಮೇಲೆ ಇದುವರೆಗೆ ಏನು ಕೊಟ್ಟಿದ್ದೀರಿ ಎಂದು ಕೇಳಿದ.

“ಎರಡ ಪುಡಿ ಕೊಟ್ಟಾರ್ರಿ. ಚೀನೀ ಔಷಧ,” ಎಂದು ಅಣ್ಣಾರಾಯ ಹೆಮ್ಮೆಯಿಂದಲೇ ಹೇಳಿದ.

ಸರ್ಜನ್ ನಿಂತುಬಿಟ್ಟ. ಎಂಥ ಔಷಧ? ರಕ್ತ ತೆಳುಮಾಡುವಂಥದ್ದೇ? ಒಳಗೆ ಅಫೀಮು ಇದೆಯೇ? ಹೊಟ್ಟೆಯಲ್ಲಿ ಅದಿದ್ದು ಅರಿವಳಿಕೆ ಕೊಟ್ಟರೆ ಉಸಿರೇ ನಿಲ್ಲಬಹುದು. ರಕ್ತ ತೆಳುವಾಗಿದ್ದರೆ ತೆರೆದ ತಲೆಯನ್ನು ಮುಚ್ಚುವುದು ಹೇಗೆ? ಕೊಟ್ಟವನು ಯಾರು?

ಎಲ್ಲರೂ ಪೀರಪ್ಪನ ಕಡೆ ನೋಡಿದರು. ಓಣಿಯಿಂದ ಲಾರಿ ಹತ್ತಿ ಬಂದವರು ಐದಾರು ಜನ ಇದ್ದರು. ಲಕ್ಷ್ಮೀಬಾಯಿ ಇದ್ದಳು. ಅರ್ಜಿ ಬರೆದ ಉಮಾಬಾಯಿ ಇದ್ದಳು, ಎದುರಿಗೆ ಸರ್ಕಾರಿ ಡಾಕ್ಟರಿದ್ದ. ಚೀನೀ ಗಿಡದ ಬೇರು ಎಂದು ಅವನು ಏನೋ ಒಂದು ಹೆಸರು ಹೇಳುತ್ತಾನೆ, ಅದರಲ್ಲಿ ಎರಡು ನಿಮಿಷ ಹೋಗುತ್ತದೆ, ಆ ಎರಡು ನಿಮಿಷ ತನ್ನ ತಮ್ಮನಿಗೆ ಇಲ್ಲ ಎಂದು ಉಮಾಬಾಯಿ ಹಲ್ಲು ಕಚ್ಚಿ ನಿಂತಳು.

“ಅಳ್ಳಿಟ್ಟು,” ಎಂದ ಪೀರಪ್ಪ.

ಸರ್ಜನ್‌ಗೆ ಶಬ್ದ ತಿಳಿಯಲಿಲ್ಲ. ಪೀರಪ್ಪ ಮರಾಠಿಯಲ್ಲಿ ಬಿಡಿಸಿ ಹೇಳಿದ: ಜೋಳ ಹುರಿದು ಅರಳು ಮಾಡಿ ಬೀಸಿದ ಹಿಟ್ಟು, ನಾಗಪಂಚಮಿಗೆ ಮಾಡುವುದು. ಆಮೇಲೆ, ಯಾರೂ ಕೇಳದಿದ್ದರೂ, ಅಣ್ಣಾರಾಯನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

“ಖರೇ ಪುಡಿ ನಲವತ್ತಾರರಾಗ ಮುಗೀತು. ಅವತ್ತಿಂದ ಅಳ್ಳಿಟ್ಟೇ. ನಿಮ್ಮವ್ವಗೂ ಅದನ್ನ ಕೊಟ್ಟಿದ್ದೆ.”

“ಏನಂತಿ ಕಾಕಾ?” ಎಂದ ಅಣ್ಣಾರಾಯ.

“ಸುಮ್ಕ ಕೂಡು ಅಂದ್ರ ಯಾವ ಮನಶ್ಯಾ ಆರ ತಾಸ ಕೂಡ್ತಾನ? ಔಷಧ ಅಂದ್ರ ಕೂಡ್ತಾನ. ಕಲ್ಲ ಮರೀತಾನೇನಂತ ನೋಡೂದಷ್ಟ ನನ್ನ ಕೆಲಸ.”

ಉಮಾಬಾಯಿಯ ಅಂಗುಳಕ್ಕೆ ಎರಡು ವರ್ಷದ ಹಿಂದಿನ ಆ ಚಿಟಿಕೆ ಪುಡಿ ಮತ್ತೆ ಅಂಟಿದಂತಾಯಿತು. ಪ್ರತಿ ಶ್ರಾವಣದಲ್ಲಿ ತಾನೇ ಕೈಯಾರೆ ಮಾಡುವ ಹಿಟ್ಟು, ಗುರುತು ಹಿಡಿಯಲಿಲ್ಲ. ಬೆಲ್ಲ ಬೆರೆಸದೆ ಅದನ್ನು ಯಾರು ತಿನ್ನುತ್ತಾರೆ? ಆದರೆ ಮರುಕ್ಷಣವೇ ಆಕೆಗೆ ಪೋಲೀಸ್ ಠಾಣೆಯ ಹಲ್ಲುಪುಡಿ ನೆನಪಾಯಿತು. ಇದೂ ಅಂಥದ್ದೇ ಇರಬಹುದಲ್ಲವೇ? ಅಫೀಮು ಎಂದು ಒಪ್ಪಿದರೆ ಜೈಲು; ಹಿಟ್ಟು ಎಂದರೆ ಬರೀ ನಗೆಪಾಟಲು.

ಸರ್ಜನ್‌ಗೂ ಅದೇ ಹೊಳೆದಿರಬೇಕು. ಅಫೀಮು ಹಾಕುವವರೆಲ್ಲ ಸಿಕ್ಕಿಬಿದ್ದಾಗ ಹಿಟ್ಟು ಎಂದೇ ಹೇಳುತ್ತಾರೆ ಎಂದ.

ಶಾಂತಪ್ಪ ಉಳಿದ. ಆ ಸಂಜೆ ಅವನ ತಲೆಯಿಂದ ಹೆಪ್ಪುಗಟ್ಟಿದ ರಕ್ತ ತೆಗೆದರು. ಮೂರನೆಯ ದಿನ ಚಹಾ ಕೇಳಿದ. ಎಡಗಿವಿಯ ಮೇಲೆ ಎಂಟಾಣೆಯಷ್ಟು ಒಂದು ಕುಳಿ ಇದೆ, ಚಳಿಗಾಲದಲ್ಲಿ ಅಲ್ಲಿ ನೋಯುತ್ತದೆ. ಸೋಮವಾರ ಬರಬೇಕಿದ್ದ ಅಧಿಕಾರಿಯೂ ಬಂದು ಹೋದ. ಪೀರಪ್ಪನ ಕಟ್ಟೆಯ ಮೇಲಿನ ಕುರ್ಚಿಯನ್ನು ಅಣ್ಣಾರಾಯ ವಾಪಸು ತೆಗೆದುಕೊಂಡು ಹೋದ. ಇವೆಲ್ಲ ಆಮೇಲಿನ ಮಾತು. ಉಮಾಬಾಯಿಗೆ ಯಾರಾದರೂ ಪೀರಪ್ಪನ ಬಗ್ಗೆ ಕೇಳಿದರೆ ಇಂದಿಗೂ ಸುಳ್ಳುಗಾರ ಎಂದೇ ಹೇಳುತ್ತಾಳೆ. ಆದರೆ ಹಾಗೆ ಹೇಳಿದಾಗಲೆಲ್ಲ ಸ್ಟ್ರೆಚರ್ ಒಳಗೆ ಹೋಗುವ ಮುಂಚಿನ ಆ ನಿಮಿಷ ಕಣ್ಣೆದುರಿಗೆ ಬರುತ್ತದೆ.

ಸರ್ಜನ್ ಆ ಮಾತು ಅಂದಾಗ ಪೀರಪ್ಪ ವಾದ ಮಾಡಲಿಲ್ಲ. ಜೇಬಿನಿಂದ ಬಾಟಲಿ ತೆಗೆದ, ಬೂಚು ಕಿತ್ತ, ಇದ್ದಷ್ಟೂ ಪುಡಿಯನ್ನು ಅಂಗೈಗೆ ಸುರಿದುಕೊಂಡ. ಅಫೀಮಾಗಿದ್ದರೆ ಇಬ್ಬರು ಸಾಯುವಷ್ಟಿತ್ತು. ಅಣ್ಣಾರಾಯನ ಎದುರಿಗೆ, ಲಕ್ಷ್ಮೀಬಾಯಿಯ ಎದುರಿಗೆ ಅದನ್ನೆಲ್ಲ ಬಾಯಿಗೆ ಹಾಕಿಕೊಂಡು ನಿಂತ. ಒಣ ಹಿಟ್ಟು ಗಂಟಲಿಗೆ ಹಿಡಿಯಿತು, ಕೆಮ್ಮಿದ, ಮೀಸೆಯ ಮೇಲೆಲ್ಲ ಬಿಳಿಯಾಯಿತು. ಅಂಗೈಗೆ ಅಂಟಿ ಉಳಿದದ್ದನ್ನೂ ನೆಕ್ಕಿ, ಖಾಲಿ ಬಾಟಲಿಯನ್ನು ಸರ್ಜನ್‌ನ ಮೇಜಿನ ಮೇಲಿಟ್ಟು, ಒಳಗೆ ಕರೆದುಕೊಂಡು ಹೋಗಿ ಎಂದು ಕೈಸನ್ನೆ ಮಾಡಿದ. ಮಾತಾಡಲು ಬಾಯಿಯಲ್ಲಿ ಜಾಗವಿರಲಿಲ್ಲ.